ಸೌದೆಗೂ ಜಮಾ-ಖರ್ಚು ಬರೆಯಬೇಕು

ಅಪ್ಪನ ಸೌದೆ ಡಿಪೋ ಬನಶಂಕರಿ ಎರಡನೇ ಹಂತದಲ್ಲಿತ್ತು. ಎಪ್ಪತ್ತರ ದಶಕದ ಮಾತು. ಕನಕಪುರದ ಕಡೆಯಿಂದ ಬೆಳಗಿನ ಜಾವ ಲಾರಿ ಬಂದು ಮಾಲು ಸುರಿದು ಹೋಗುತ್ತಿತ್ತು. ಜಾಲಿ, ಸರ್ವೆ, ನೀಲಗಿರಿ, ಒಮ್ಮೊಮ್ಮೆ ಹುಣಸೆಯ ಬೊಡ್ಡೆ. ಜಯನಗರದ ದೊಡ್ಡ ಮನೆಯವರಿಗೆ ಬೇಕಾಗಿದ್ದು ಬಚ್ಚಲ ಹಂಡೆಗೆ, ಯಡಿಯೂರಿನ ವಠಾರದವರಿಗೆ ಅಡುಗೆ ಒಲೆಗೆ. ತಕ್ಕಡಿ ಮಾತ್ರ ಎಲ್ಲರಿಗೂ ಒಂದೇ.

ಮಳೆಗಾಲ ಬಂತೆಂದರೆ ಗಿರಾಕಿಗಳ ಜಗಳ ಶುರು. "ಹಸಿ ಸೌದೆ ತೂಗಿ ಕೊಟ್ಟಿದೀರಲ್ರೀ!" ಅಪ್ಪ ಎರಡು ಸೀಳು ಎತ್ತಿಕೊಂಡು ಒಂದಕ್ಕೊಂದು ಬಡಿಯುತ್ತಿದ್ದರು. ಟಣ್ ಅಂದರೆ ಒಣಗಿದ್ದು, ದಬ್ ಅಂದರೆ ಹಸಿ. "ಕೇಳಿಸ್ಕೊಂಡು ತಗೊಳ್ಳಿ ತಾಯಿ, ನೀರಿಗೆ ದುಡ್ಡು ಕೊಡಬೇಡಿ" ಅನ್ನುತ್ತಿದ್ದರು. ಮುಂದೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವಾಗ ಮಕ್ಕಳಿಗೆ ಇದನ್ನೇ ಮಾಡಿ ತೋರಿಸುತ್ತಿದ್ದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ನೆರಳಲ್ಲಿ, ಗಾಳಿಯಾಡುವಂತೆ ಒಟ್ಟಿ ಕೆಲವು ತಿಂಗಳು ಬಿಟ್ಟರೆ ಅದು ಶೇ 15-20ಕ್ಕೆ ಇಳಿಯುತ್ತದೆ. ಹಸಿ ಸೌದೆಯ ಶಾಖ ಮೊದಲು ತನ್ನೊಳಗಿನ ನೀರನ್ನು ಆವಿ ಮಾಡಿ ಮುಗಿಸಬೇಕು, ಉಳಿದದ್ದಷ್ಟೇ ಪಾತ್ರೆಗೆ. ಉರಿ ತಣ್ಣಗಾದಷ್ಟೂ ಹೊಗೆ ಜಾಸ್ತಿ.

ಈಚೆಗೆ ಜೆ.ಪಿ. ನಗರದ ನಮ್ಮ ಪಾರ್ಕಿನ ಬೆಂಚಿನಲ್ಲಿ ಕುಳಿತವರೊಬ್ಬರು ಹೇಳಿದರು: "ಮರ ಮತ್ತೆ ಬೆಳೆಯುತ್ತೆ, ಪೆಟ್ರೋಲು ಬೆಳೆಯಲ್ಲ. ಸೌದೆಗೆ ವಾಪಸು ಹೋದರೆ ಎಲ್ಲಾ ಸರಿಹೋಗುತ್ತೆ." ಮರ ಮತ್ತೆ ಬೆಳೆಯುತ್ತದೆ, ನಿಜ. ಉರಿದಾಗ ಬಿಡುವ ಇಂಗಾಲವನ್ನು ಬೆಳೆಯುವ ಮರ ಮತ್ತೆ ಹೀರಿಕೊಳ್ಳುತ್ತದೆ, ಅದೂ ನಿಜ. ಆದರೆ ಎಲ್ಲಿ ಬೆಳೆಯುತ್ತದೆ, ಎಷ್ಟು ಬೆಳೆಯುತ್ತದೆ? ಡಿಪೋದಲ್ಲಿ ಬೆಳೆದವಳಾದ್ದರಿಂದ ನನಗೆ ಮೊದಲು ಹೊಳೆಯುವುದು ಈ ಪ್ರಶ್ನೆ.

ಒಂದು ಸಿಲಿಂಡರಿಗೆ ಎಷ್ಟು ಸೌದೆ?

ಗಾಳಿಗೆ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿ ಸುಮಾರು 3,500 ಕಿಲೊಕ್ಯಾಲೊರಿ ಶಾಖವಿದೆ. ಅಡುಗೆ ಅನಿಲದಲ್ಲಿ ಸುಮಾರು 11,000. ಮೂರು ಕಲ್ಲಿನ ಒಲೆಯಲ್ಲಿ ಈ ಶಾಖದ ಹತ್ತನೇ ಒಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಗ್ಯಾಸ್ ಒಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ. ಕೂಡಿ ಕಳೆದು ನೋಡಿದರೆ, 14.2 ಕೆ.ಜಿ.ಯ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಮೂರು ಕಲ್ಲಿನ ಒಲೆಯಲ್ಲಿ ಸುಮಾರು 270 ಕೆ.ಜಿ. ಸೌದೆ ಬೇಕು. ಶೇ 30ರಷ್ಟು ಶಾಖ ಪಾತ್ರೆಗೆ ತಲುಪಿಸುವ ಸುಧಾರಿತ ಒಲೆಯಾದರೆ 90 ಕೆ.ಜಿ. ಸಾಕು. ತಿಂಗಳಿಗೊಂದು ಸಿಲಿಂಡರಿನ ಸಂಸಾರಕ್ಕೆ ವರ್ಷಕ್ಕೆ ಮೂರು ಟನ್ ಬೇಕೋ, ಒಂದು ಟನ್ ಸಾಕೋ ಎಂಬುದನ್ನು ಒಲೆಯೇ ತೀರ್ಮಾನಿಸುತ್ತದೆ.

ಇನ್ನು ಜಮೀನು. ನಮ್ಮ ಬಯಲುಸೀಮೆಯ ಮಳೆಯಾಶ್ರಿತ ನೆಲದಲ್ಲಿ, ಚೆನ್ನಾಗಿ ನೋಡಿಕೊಂಡ ನೆಡುತೋಪು ಎಕರೆಗೆ ವರ್ಷಕ್ಕೆ ಎರಡು ಟನ್‌ನಷ್ಟು ಸೌದೆ ಕೊಟ್ಟೀತು. ಅಷ್ಟನ್ನೇ ತೆಗೆದರೆ ತೋಪು ಉಳಿಯುತ್ತದೆ, ಮೀರಿದರೆ ಬೋಳಾಗುತ್ತದೆ. ಜರ್ಮನಿಯ ಸ್ಯಾಕ್ಸನಿಯಲ್ಲಿ ಬೆಳ್ಳಿ ಕರಗಿಸುವ ಕುಲುಮೆಗಳಿಗೆ ಸೌದೆ ಸಾಲದೆ ಬಂದಾಗ, ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಪುಸ್ತಕ ಬರೆದು ಹೇಳಿದ್ದೂ ಇದನ್ನೇ: ಬೆಳೆದಷ್ಟೇ ಕಡಿಯಬೇಕು. ಇಂದು ಎಲ್ಲರೂ ಆಡುವ 'ಸುಸ್ಥಿರ' ಎಂಬ ಮಾತಿನ ಬೇರು ಅಲ್ಲಿದೆ.

ಈ ಅಳತೆಗೋಲನ್ನು ನಮ್ಮ ತುರಹಳ್ಳಿ ಕಾಡಿಗೆ ಹಿಡಿದು ನೋಡಿ. ಬನಶಂಕರಿ ಆರನೇ ಹಂತದ ಅಂಚಿನಲ್ಲಿ ಉಳಿದಿರುವ ಆ ಕಾಡು ಸುಮಾರು 600 ಎಕರೆ. ಅಲ್ಲಿನ ನವಿಲು, ಜಿಂಕೆಗಳನ್ನೆಲ್ಲ ಮರೆತು ಇಡೀ ಕಾಡನ್ನೇ ಸೌದೆ ತೋಪು ಮಾಡಿದೆವು ಅಂದುಕೊಳ್ಳೋಣ. ಒಳ್ಳೆಯ ಒಲೆ ಇಟ್ಟರೂ ಸಾವಿರದ ಚಿಲ್ಲರೆ ಸಂಸಾರಗಳಿಗೆ ಸಾಕಾದೀತು. ಕನಕಪುರ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೇ ಅದು ಮುಗಿದುಹೋಗುತ್ತದೆ. ಊರಿಗೆ ಊರೇ ಸೌದೆಗೆ ಮರಳುವ ಮಾತು ಅಲ್ಲಿಗೆ ನಿಂತಿತು.

ಲೆಕ್ಕ ಕಲಿಸಿದವರು

ಈ ಬಗೆಯ ಲೆಕ್ಕವನ್ನು ನಮ್ಮಲ್ಲಿ ಗಂಭೀರವಾಗಿ ಮಾಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ. ಹಳ್ಳಿಗಳಿಗೆ ವಿಜ್ಞಾನ ಮುಟ್ಟಿಸಲು 1974ರಲ್ಲಿ ಅವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಬಿ. ಸುಧಾಕರ ರೆಡ್ಡಿಯವರ ಜೊತೆ ಬೆಂಗಳೂರಿನ ಸೌದೆಯ ಮೇಲೆಯೇ ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದರು. ವರಮಾನ ಏರಿದಂತೆ ಮನೆಗಳು ಸೌದೆಯಿಂದ ಸೀಮೆಎಣ್ಣೆಗೆ, ಅಲ್ಲಿಂದ ಗ್ಯಾಸಿಗೆ ದಾಟುತ್ತವೆ. ದಾಟಲಾಗದವರು ಬಡವರು ಎಂಬುದು ಅದರಲ್ಲಿ ಎದ್ದು ಕಂಡಿತು. ನಮ್ಮ ಡಿಪೋದಲ್ಲಿ ಅದು ಕಣ್ಣಿಗೇ ಕಾಣುತ್ತಿತ್ತು. ಜಯನಗರದ ಗಿರಾಕಿಗಳು ಒಬ್ಬೊಬ್ಬರಾಗಿ ಗೀಸರಿಗೆ ಹೋದರು. ವಠಾರದವರು ಕೊನೆಯವರೆಗೂ ಬಂದರು, ದಿನದ ಕೂಲಿ ಕೈಗೆ ಬಂದ ಮೇಲೆ ಎರಡೋ ಮೂರೋ ಕೆ.ಜಿ. ಒಯ್ಯುತ್ತಿದ್ದರು.

ಅದೇ ಅಸ್ತ್ರದಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 'ಅಸ್ತ್ರ ಒಲೆ' ರೂಪಿಸಿದರು. ಮೂರು ಪಾತ್ರೆ ಕೂರುವ ಮುಚ್ಚಿದ ಒಲೆ, ಕೆಳಗೆ ಗಾಳಿಗೆ ಜಾಲರಿ, ಹಿಂದೆ ಹೊಗೆ ಕೊಳವೆ. ಬೆಂಕಿಯ ಬಿಸಿ ಮೊದಲ ಪಾತ್ರೆಗೆ ತಗುಲಿ, ಮುಂದಿನ ಎರಡನ್ನೂ ಸುತ್ತಿ ಹೊರಗೆ ಹೋಗುತ್ತದೆ. ಸೌದೆ ಉಳಿಯಿತು, ಅದಕ್ಕಿಂತ ಹೆಚ್ಚಾಗಿ, ಅಡುಗೆ ಮಾಡುವ ಹೆಂಗಸಿನ ಕಣ್ಣು, ಶ್ವಾಸಕೋಶ ಉಳಿದವು.

ಇನ್ನೂ ದೊಡ್ಡ ಪ್ರಯೋಗ ನಡೆದದ್ದು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ. 35ರಷ್ಟು ಮನೆಗಳ, ಕರೆಂಟೇ ಕಾಣದ ಊರು. 1988ರಲ್ಲಿ ಅಲ್ಲಿಗೆ ಸೌದೆಯ ಗ್ಯಾಸಿಫೈಯರ್ ಬಂತು. ಒಣ ಸೌದೆಯ ತುಂಡುಗಳನ್ನು ಸಾಲದಷ್ಟು ಗಾಳಿ ಕೊಟ್ಟು ಸುಟ್ಟರೆ ಉರಿಯಬಲ್ಲ ಅನಿಲ ಹೊರಡುತ್ತದೆ. ಅದನ್ನು ತಣಿಸಿ, ಸೋಸಿ ಡೀಸೆಲ್ ಎಂಜಿನ್ನಿಗೆ ಕೊಟ್ಟರೆ ಡೀಸೆಲಿನ ಬಹುಪಾಲು ಉಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ತತ್ವಾರವಾದಾಗ ಓಡಿದ ಇದ್ದಿಲು ಗ್ಯಾಸಿನ ಬಸ್ಸುಗಳದ್ದೂ ಇದೇ ತತ್ವ. ಹೊಸಹಳ್ಳಿಯಲ್ಲಿ ಅದರಿಂದ ಮನೆಗಳಿಗೆ ದೀಪ ಬಂತು, ಕುಡಿಯುವ ನೀರು ಏರಿತು, ಹಿಟ್ಟಿನ ಗಿರಣಿ ತಿರುಗಿತು. ಯಂತ್ರಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದರ ಜೊತೆಗೇ ಊರಿನ ನೆಲದಲ್ಲಿ ಬೆಳೆಸಿದ ಸೌದೆ ತೋಪು. ಯಂತ್ರಕ್ಕೆ ಬೇಕಾದ ಮೇವು ಎಲ್ಲಿಂದ ಎಂಬ ಪ್ರಶ್ನೆಗೆ ಮೊದಲೇ ಉತ್ತರವಿತ್ತು. ಹತ್ತು ವರ್ಷಕ್ಕೂ ಮೀರಿ ಆ ವ್ಯವಸ್ಥೆ ನಡೆಯಿತು.

ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಇದರ ದೊಡ್ಡ ರೂಪ ತಲೆಯೆತ್ತಿತು. 500 ಕಿಲೊವ್ಯಾಟ್ ಸ್ಥಾವರ, 2007ರಲ್ಲಿ ಗ್ರಿಡ್‌ಗೆ ಜೋಡಣೆ. ಅಲ್ಲಿ ತೊಡಕಾದದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಹಣದ ಲೆಕ್ಕ. ಸೌದೆ ಕಡಿದು, ಸಾಗಿಸಿ, ಒಣಗಿಸಿ, ತುಂಡು ಮಾಡುವ ಕೂಲಿಗೂ ವಿದ್ಯುತ್ತಿಗೆ ಸಿಗುವ ದರಕ್ಕೂ ಹೊಂದಾಣಿಕೆ ಕಷ್ಟವಾಯಿತು.

ಇನ್ನೊಂದು ಎಡವಟ್ಟೂ ನಡೆದಿದೆ. 1983ರಿಂದ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಸೌದೆಯ ಹೆಸರು ಹೇಳಿಕೊಂಡೇ ಸಸಿ ಹಂಚಿದರು. ಕೋಲಾರದ ಹೊಲಗಳಲ್ಲಿ ಎದ್ದು ನಿಂತದ್ದು ನೀಲಗಿರಿ. ಅದರ ಬಹುಪಾಲು ಹೋದದ್ದು ಕಾರ್ಖಾನೆಗೆ, ಕಟ್ಟಡದ ಗಳುವಿಗೆ. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಯಾರ ಒಲೆಗೆ, ಯಾವ ಮರ, ಯಾರ ನೀರಿನಲ್ಲಿ ಎಂದು ಕೇಳದೆ ನೆಟ್ಟದ್ದರ ಫಲ ಇದು.

ಹಾಗಾದರೆ ನಮ್ಮ ಬಡಾವಣೆಗಳಲ್ಲಿ?

ಒಂದು ಯೂನಿಟ್ ವಿದ್ಯುತ್ತಿಗೆ ಒಂದರಿಂದ ಒಂದೂವರೆ ಕೆ.ಜಿ. ಸೌದೆ ಬೇಕು. ಅಂದರೆ ಒಂದು ಎಕರೆ ತೋಪಿನ ವರ್ಷದ ಫಸಲಿನಿಂದ 1,500 ಯೂನಿಟ್ ಆಸುಪಾಸು. ಮಹಡಿಯ ಮೇಲೆ ನೂರು ಚದರಡಿ ಹಿಡಿಯುವ ಒಂದು ಕಿಲೊವ್ಯಾಟ್ ಸೌರ ಫಲಕ ಬೆಂಗಳೂರಿನ ಬಿಸಿಲಿನಲ್ಲಿ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಆದ್ದರಿಂದ ಊರೊಳಗೆ ದೀಪಕ್ಕೆ, ಸ್ನಾನದ ನೀರಿಗೆ ಬಿಸಿಲೇ ಸರಿ. ಇಸ್ತ್ರಿ ಗಾಡಿಯ ಇದ್ದಿಲಂತೂ ಇನ್ನೂ ದುಬಾರಿ. ಹಳೇ ಪದ್ಧತಿಯ ಗೂಡಿನಲ್ಲಿ ಒಂದು ಕೆ.ಜಿ. ಇದ್ದಿಲಿಗೆ ಐದಾರು ಕೆ.ಜಿ. ಸೌದೆ ಹೋಗುತ್ತದೆ. ನಮ್ಮ ಬೀದಿಯ ಇಸ್ತ್ರಿಯವರು ಗ್ಯಾಸ್ ಪೆಟ್ಟಿಗೆಗೆ ಬದಲಾಯಿಸಿಕೊಂಡಾಗ ಬೇಡವೆಂದವಳು ನಾನಲ್ಲ.

ಸೌದೆಗೆ ಉಳಿಯುವ ಜಾಗ ಚಿಕ್ಕದು, ಆದರೆ ಖಾಲಿ ಬಿದ್ದಿದೆ. ಏಪ್ರಿಲ್-ಮೇ ಮಳೆಗೆ ಜಯನಗರದಲ್ಲಿ ಗುಲ್‌ಮೊಹರ್ ಉರುಳುತ್ತದೆ, ತಂತಿಗೆ ತಾಗುವ ಕೊಂಬೆಗಳನ್ನು ಸವರುತ್ತಾರೆ, ಕಡಿದದ್ದು ಫುಟ್‌ಪಾತಿನಲ್ಲಿ ದಿನಗಟ್ಟಲೆ ನೆನೆಯುತ್ತದೆ. ಇದಕ್ಕೆ ಒಂದು ಎಕರೆ ಜಮೀನೂ ಬೇಡ. ಮರ ಹೇಗೂ ಬೆಳೆದಿದೆ. ವಾರ್ಡಿಗೊಂದು ಚಾವಣಿ, ಒಂದು ತೂಕದ ಯಂತ್ರ, ಒಂದು ತುಂಡರಿಸುವ ಯಂತ್ರ ಸಾಕು. ದಪ್ಪ ದಿಮ್ಮಿ ಬಡಗಿಗೆ, ಎಲೆ ಗೊಬ್ಬರಕ್ಕೆ, ಉಳಿದ ಕೊಂಬೆ ಒಣಗಿದ ಮೇಲೆ ಹೊಗೆ ಹಿಡಿತದಲ್ಲಿರುವ ಬಾಯ್ಲರ್, ಬೇಕರಿ ಭಟ್ಟಿಗಳಿಗೆ. ಎಷ್ಟು ಬಂತು, ಎಲ್ಲಿಗೆ ಹೋಯಿತು, ಬದಲಿಗೆ ಎಷ್ಟು ಸಸಿ ನೆಟ್ಟರು ಎಂದು ತಿಂಗಳಿಗೊಮ್ಮೆ ಬೋರ್ಡಿಗೆ ಬರೆಯಲಿ. ಕೊನೆಯದು ಬಹಳ ಮುಖ್ಯ. ಸೌದೆಗೆ ಬೆಲೆ ಬಂದಲ್ಲಿ ನಿಂತ ಮರಕ್ಕೂ ಕೊಡಲಿ ಬೀಳುವ ಅಪಾಯ ಇದ್ದೇ ಇದೆ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಅನುಮತಿಯ ಸಂಖ್ಯೆಯೂ ಬೋರ್ಡಿನ ಮೇಲಿರಲಿ.

ನೀವು ಮಾಡಬಹುದಾದ್ದು ಇಷ್ಟು: ಮುಂದಿನ ವಾರ್ಡ್ ಸಮಿತಿ ಸಭೆಗೆ ಹೋಗಿ, ಕಳೆದ ವರ್ಷ ನಮ್ಮ ವಾರ್ಡಿನಲ್ಲಿ ಕಡಿದ ಕೊಂಬೆ ಎಷ್ಟು ಟನ್, ಅದು ಎಲ್ಲಿಗೆ ಹೋಯಿತು ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಿರಿ. ಲೆಕ್ಕವಿಲ್ಲದ ಸೌದೆಯನ್ನು ನವೀಕರಿಸಬಹುದಾದ ಇಂಧನ ಎಂದು ಕರೆಯಲು ಬರುವುದಿಲ್ಲ.