ಬಿಸಿಲಿಗೆ ಕಣ್ಣು ಕಿರಿದು ಮಾಡುವ ಲೆನ್ಸು

ಸಾಂಗ್ಲಿ ಬಳಿಯ ಮಾಧವನಗರದಲ್ಲಿ ರಸ್ತೆಗೆ ಮುಖ ಮಾಡಿದ ಸಿಸಿಟಿವಿ ಇಟ್ಟವರಿಗೆ ಈ ತಾಪತ್ರಯ ಗೊತ್ತು. ಮಧ್ಯಾಹ್ನ ರಸ್ತೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಕತ್ತಲಾದ ಮೇಲೆ ಗಾಡಿಯ ನಂಬರೂ ಓದಲಾಗದು. ಬೇಸಿಗೆಯ ನಡುಹಗಲಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಎಂದರೆ ಬೆಳಕನ್ನು ಅಳೆಯುವ ಮಾನ). ಹುಣ್ಣಿಮೆ ರಾತ್ರಿ ಅರ್ಧ ಲಕ್ಸೂ ಇರುವುದಿಲ್ಲ. ಈ ಏರುಪೇರಿಗೆ ಹೊಂದಿಕೊಳ್ಳಲೆಂದು ಮಾಡಿದ್ದೇ ಆಟೋ ಐರಿಸ್ ಲೆನ್ಸ್.

ಐರಿಸ್ ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ. ತೆಳುವಾದ ಕಪ್ಪು ರೆಕ್ಕೆಗಳು ಸರಿದು ಅದನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ನಮ್ಮ ಕಣ್ಣಿನ ಪಾಪೆ ಬಿಸಿಲಿಗೆ ಚಿಕ್ಕದಾಗುತ್ತದಲ್ಲ, ಹಾಗೆಯೇ. ಕಿಂಡಿಯ ಅಳತೆ ಹೇಳುವುದು ಎಫ್ ಸಂಖ್ಯೆ. ಇದು ಉಲ್ಟಾ ಲೆಕ್ಕ: ಸಂಖ್ಯೆ ದೊಡ್ಡದಾದರೆ ಕಿಂಡಿ ಚಿಕ್ಕದು. ಎಫ್ 1.4ರಿಂದ ಎಫ್ 2ಕ್ಕೆ ಬಂದರೆ ಬೆಳಕು ಅರ್ಧಕ್ಕಿಳಿಯುತ್ತದೆ.

ಕಿಂಡಿಯನ್ನು ಆಡಿಸುವವರು ಯಾರು? ಡಿಸಿ ಐರಿಸ್ ಎಂಬ ಬಗೆಯಲ್ಲಿ ಲೆಕ್ಕವೆಲ್ಲ ಕ್ಯಾಮೆರಾದ್ದು. ಚಿತ್ರ ಎಷ್ಟು ಬೆಳ್ಳಗಿದೆ ಎಂದು ಅದು ನೋಡಿ, ಲೆನ್ಸಿನ ಪುಟ್ಟ ಕಾಯಿಲ್‌ಗೆ (ತಂತಿಸುರುಳಿಗೆ) ಕರೆಂಟು ಕಳಿಸುತ್ತದೆ. ಆ ಕರೆಂಟಿಗೆ ತಕ್ಕಂತೆ ರೆಕ್ಕೆ ಸರಿಯುತ್ತದೆ. ಈ ಕರೆಂಟು ಹೋಗುವುದು 4 ಪಿನ್ನಿನ ಸಣ್ಣ ಚೌಕ ಪ್ಲಗ್ ಮೂಲಕ. ಕರೆಂಟು ನಿಂತರೆ ಸಾಮಾನ್ಯವಾಗಿ ಕಿಂಡಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪರದೆ ಪೂರ್ತಿ ಕಪ್ಪಾದರೆ ಕ್ಯಾಮೆರಾ ಸತ್ತಿತೆಂದು ಬಗೆಯಬೇಡಿ, ಮೊದಲು ಆ ಪ್ಲಗ್ ಸಡಿಲಾಗಿದೆಯೇ ನೋಡಿ.

‘ನನ್ನ ಮೊಬೈಲಿಗೆ ಇದೆಲ್ಲ ಇಲ್ಲವಲ್ಲ?’ ಹೌದು, ಬಹುತೇಕ ಮೊಬೈಲುಗಳ ಕಿಂಡಿ ಅಲುಗುವುದಿಲ್ಲ. ಅವು ಬೆಳಕು ಹಿಡಿಯುವ ಹೊತ್ತನ್ನು (ಶಟರ್) ಹೆಚ್ಚುಕಡಿಮೆ ಮಾಡಿಕೊಳ್ಳುತ್ತವೆ. ಅಗ್ಗದ ಬುಲೆಟ್ (ಕೊಳವೆಯಾಕಾರದ) ಕ್ಯಾಮೆರಾಗಳದೂ ಅದೇ ಉಪಾಯ. ಮನೆಯ ಅಂಗಳಕ್ಕೆ ಅಷ್ಟು ಸಾಕು. ಹಗಲೂ ರಾತ್ರಿ ಟ್ಯೂಬ್‌ಲೈಟು ಉರಿಯುವ ಮಗ್ಗದ ಶೆಡ್ಡಿಗೂ ಆಟೋ ಐರಿಸ್ ದಂಡದ ಖರ್ಚೇ.

ಇನ್ನೊಂದು ಮಾತು. ಅಂಗಡಿಯ ಬಾಗಿಲು ಪೂರ್ವಕ್ಕಿದ್ದು, ಬೆಳಗಿನ ಬಿಸಿಲು ಗಿರಾಕಿಯ ಬೆನ್ನ ಹಿಂದಿನಿಂದ ಬಂದರೆ ಮುಖ ಕಪ್ಪಾಗುತ್ತದೆ. ಐರಿಸ್ ಇದನ್ನು ಸರಿಮಾಡದು, ಕಿಂಡಿ ಇಡೀ ಚಿತ್ರಕ್ಕೆ ಒಂದೇ ತಾನೆ! ಅಲ್ಲಿ ಬೇಕಾದದ್ದು ಡಬ್ಲ್ಯೂಡಿಆರ್ (ಕಪ್ಪು-ಬಿಳುಪು ಎರಡನ್ನೂ ತೂಗಿಸುವ ಸೌಲಭ್ಯ) ಇರುವ ಕ್ಯಾಮೆರಾ. ಇಲ್ಲವೇ ಕ್ಯಾಮೆರಾವನ್ನು ಪಕ್ಕದ ಗೋಡೆಗೆ ಹಾಕಿಸಿ, ಅದಕ್ಕೆ ಖರ್ಚೂ ಕಡಿಮೆ.

ಬೆಲೆ? ಸಾದಾ ಬುಲೆಟ್ ಕ್ಯಾಮೆರಾ ಎರಡು-ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಆಟೋ ಐರಿಸ್ ಬೇಕೆಂದರೆ ಹಲವು ಸಲ ಬಾಕ್ಸ್ ಕ್ಯಾಮೆರಾ, ಲೆನ್ಸು, ಹೊರಕವಚ ಬೇರೆ ಬೇರೆ ಕೊಳ್ಳಬೇಕು, ಖರ್ಚು ಕೆಲವು ಪಟ್ಟು ಏರುತ್ತದೆ. ಮೊದಲು ಸಾಂಗ್ಲಿ-ಮಿರಜದ ಸಿಸಿಟಿವಿ ಅಂಗಡಿಗಳಲ್ಲಿ ವಿಚಾರಿಸಿ. ಬಿಡಿ ಲೆನ್ಸು ಅಲ್ಲಿ ಸಿಗದಿದ್ದರೆ ಮುಂಬೈನ ಲ್ಯಾಮಿಂಗ್ಟನ್ ರೋಡು, ಬೆಂಗಳೂರಿನ ಎಸ್.ಪಿ. ರೋಡು ಇದ್ದೇ ಇವೆ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಸುರಕ್ಷತಾ ಪ್ರಮಾಣೀಕರಣ ಕಡ್ಡಾಯವಾಗಿದೆ, ಅದನ್ನೂ ಕೇಳಿ.

ಹಾಕಿಸುವಾಗ ಒಂದು ಎಚ್ಚರ. ನಮ್ಮ ಓಣಿಯ ಅಂಗಡಿಯೊಂದರಲ್ಲಿ ಮಧ್ಯಾಹ್ನ ಫೋಕಸ್ ಮಾಡಿ ಹೋದರು; ರಾತ್ರಿ ಎಲ್ಲ ಮಸುಕು. ಕಾರಣ ಇಷ್ಟೇ: ಬಿಸಿಲಲ್ಲಿ ಕಿಂಡಿ ಚಿಕ್ಕದಿರುವುದರಿಂದ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಕಾಣುತ್ತದೆ, ಫೋಕಸ್ ತಪ್ಪಿದ್ದು ತಿಳಿಯುವುದಿಲ್ಲ. ಕತ್ತಲಲ್ಲಿ ಕಿಂಡಿ ಪೂರ್ತಿ ತೆರೆದಾಗ ತಪ್ಪು ಹೊರಬೀಳುತ್ತದೆ. ಆದ್ದರಿಂದ ಫೋಕಸ್ ಕೆಲಸ ಮುಸ್ಸಂಜೆಗೆ ಮಾಡಿಸಿ. ರಾತ್ರಿ ಎಂಟರ ಚಿತ್ರ ನೋಡಿದ ಮೇಲೆಯೇ ಬಾಕಿ ಹಣ ಕೊಡಿ.