ತಲೆ ಕತ್ತರಿಸಿದರೂ ಹೊಸ ಮಿದುಳು!

ನಿಮಗಿದು ಗೊತ್ತೆ? ಪ್ಲನೇರಿಯ ಎಂಬ ಚಪ್ಪಟೆ ಹುಳುವಿನ ತಲೆ ಕತ್ತರಿಸಿದರೆ ಅದು ಸಾಯುವುದಿಲ್ಲ. ಒಂದೆರಡು ವಾರದಲ್ಲಿ ಕಣ್ಣು, ಮಿದುಳು ಸಮೇತ ಹೊಸ ತಲೆ ಮೂಡುತ್ತದೆ! ಮೈತುಂಬ ಹರಡಿರುವ ಕಾಂಡಕೋಶಗಳೇ ಇದಕ್ಕೆ ಬಂಡವಾಳ. ಆ ಹೊಸ ಮಿದುಳನ್ನು ಸರಿಯಾಗಿ ಕಟ್ಟಿಸುವವರು ಯಾರು? ಉತ್ತರ ಹುಡುಕಿದವರು ದೂರದವರಲ್ಲ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ದಾಶರಥಿ ಪಾಲಕೊಡೇಟಿ ಮತ್ತು ಸಂಗಡಿಗರು. ಹುಳುವಿನಲ್ಲಿ ಮೈಕ್ರೊಆರ್‌ಎನ್‌ಎ-124 ಪ್ರಮಾಣ ತಗ್ಗಿಸಿದಾಗ ಮರಳಿ ಬೆಳೆದ ಮಿದುಳೂ ಕಣ್ಣಿನ ನರಗಳ ಜೋಡಣೆಯೂ ಹದಗೆಟ್ಟವು ಎಂದು ಅವರು 2017ರಲ್ಲಿ ಪ್ರಕಟಿಸಿದರು. ನಾವು ಹೆಮ್ಮೆಪಡಬೇಕಾದ ಕೆಲಸವಿದು.

ಮೈಕ್ರೊಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳಷ್ಟೇ ಉದ್ದದ ಆರ್‌ಎನ್‌ಎ ತುಣುಕು. ತಾನು ಪ್ರೊಟೀನ್ ತಯಾರಿಸುವುದಿಲ್ಲ. ಬೇರೆ ಜೀನ್‌ಗಳ ಸಂದೇಶಕ್ಕೆ ಅಂಟಿಕೊಂಡು ಪ್ರೊಟೀನ್ ತಯಾರಿಕೆಯನ್ನು ತಡೆಯುತ್ತದೆ. ಇದೇ 124 ನಮ್ಮ ಮಿದುಳಿನಲ್ಲೂ ಹೇರಳವಾಗಿದೆ. ಪಿಟಿಬಿಪಿ1 ಎಂಬ ಪ್ರೊಟೀನ್ ಕಾಂಡಕೋಶದಲ್ಲಿ ನರಕೋಶದ ಗುಣಗಳನ್ನು ಅದುಮಿಟ್ಟಿರುತ್ತದೆ. 124 ಅದನ್ನು ತಗ್ಗಿಸಿದಂತೆಲ್ಲ ಕೋಶ ನರಕೋಶವಾಗುವ ಹಾದಿ ಹಿಡಿಯುತ್ತದೆ.

ಮೊದಲ ಮೈಕ್ರೊಆರ್‌ಎನ್‌ಎ ಪತ್ತೆಯಾದದ್ದು 1993ರಲ್ಲಿ, ಅದೂ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಅದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರಲ್ಲಿ ನೊಬೆಲ್ ಪ್ರಶಸ್ತಿ ಬಂತು.