ಒಂದು ಗಣಕ, ಎರಡು ಗ್ರಾಫಿಕ್ಸ್ ಕಾರ್ಡ್

ಮಕ್ಕಳೇ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವುದನ್ನು ನೋಡಿದ್ದೀರಾ? ಚರಕದಲ್ಲಿ ಒಮ್ಮೆಗೆ ಕೆಲವೇ ಎಳೆಗಳು ಬರುತ್ತವೆ. ಮಲ್ಟಿ ಎಂಡ್ ಯಂತ್ರದಲ್ಲಾದರೋ ಸಾಮಾನ್ಯವಾಗಿ ಒಂದೊಂದು ಬೇಸಿನ್‌ನಿಂದಲೇ 10 ಎಳೆಗಳು ಬರುತ್ತವೆ. ಒಂದು ಎಳೆ ಮತ್ತೊಂದಕ್ಕಾಗಿ ಕಾಯುವುದಿಲ್ಲ.

ಗಣಕದೊಳಗಿನ ಗ್ರಾಫಿಕ್ಸ್ ಕಾರ್ಡ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಪರದೆಯ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿದ್ದರೆ ಒಟ್ಟು 20,73,600 ಚುಕ್ಕಿಗಳು! ಸೆಕೆಂಡಿಗೆ 60 ಬಾರಿ ಚಿತ್ರ ಬದಲಾದರೆ 12 ಕೋಟಿಗೂ ಹೆಚ್ಚು ಚುಕ್ಕಿಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಅದಕ್ಕಾಗಿ ಕಾರ್ಡಿನ ಚಿಪ್‌ನಲ್ಲಿ ನೂರಾರು, ಸಾವಿರಾರು ಪುಟ್ಟ ಲೆಕ್ಕಿಗರು ಒಟ್ಟಿಗೆ ದುಡಿಯುತ್ತಾರೆ.

ಎರಡು ಏಕೆ?

ಕೆಲಸ ಹೆಚ್ಚಾದಾಗ ಎರಡು ಕಾರ್ಡುಗಳಿಗೆ ಹಂಚಬಹುದು. ಒಂದು ಕಾರ್ಡ್ 1, 3, 5ನೇ ಚಿತ್ರಗಳನ್ನು ಬರೆದರೆ ಇನ್ನೊಂದು 2, 4, 6ನೇ ಚಿತ್ರಗಳನ್ನು ಬರೆಯುತ್ತದೆ. ಆದರೆ ವೇಗ ಸರಿಯಾಗಿ ಎರಡರಷ್ಟಾಗುವುದಿಲ್ಲ. ಕೆಲಸ ಹಂಚಲು, ಮತ್ತೆ ಒಗ್ಗೂಡಿಸಲು ಸಮಯ ಬೇಕಲ್ಲವೇ? ಆದ್ದರಿಂದಲೇ ಆಟಗಳಿಗೆ ಹೀಗೆ ಜೋಡಿಸುವುದು ಈಗ ಅಪರೂಪ. ವಿಜ್ಞಾನದ ಲೆಕ್ಕಗಳಿಗೆ ಮಾತ್ರ ಇದು ಬಹಳ ಉಪಯುಕ್ತ.

ಆಂಟೆನಾಗಳ ಲೆಕ್ಕ

ಗೌರಿಬಿದನೂರಿನ ಬಳಿ ಒಂದು ರೇಡಿಯೊ ವೀಕ್ಷಣಾಲಯವಿದೆ. ಅಲ್ಲಿ 1976ರ ಸುಮಾರಿಗೆ 1000 ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನೆಟ್ಟರು. ಇಂತಹ ದೂರದರ್ಶಕಗಳಲ್ಲಿ ಹಲವು ಆಂಟೆನಾಗಳು ಹಿಡಿದ ಸಂಕೇತಗಳನ್ನು ಒಂದರೊಡನೊಂದು ಹೋಲಿಸಿದಾಗ ಆಕಾಶದ ಚಿತ್ರ ಮೂಡುತ್ತದೆ. 4 ಆಂಟೆನಾಗಳಿದ್ದರೆ 6 ಜೋಡಿ. 30 ಇದ್ದರೆ 435 ಜೋಡಿ! ಪುಣೆಯ ಬಳಿಯ ಖೋಡದ್ ಸುತ್ತಮುತ್ತ 30 ಬೃಹತ್ ಡಿಶ್‌ಗಳಿವೆ. 2010ರ ದಶಕದಲ್ಲಿ ಅದನ್ನು ನವೀಕರಿಸಿದಾಗ ಈ ಲೆಕ್ಕಕ್ಕೆ ಗ್ರಾಫಿಕ್ಸ್ ಕಾರ್ಡುಗಳನ್ನೇ ಅಳವಡಿಸಿದರು. ಪ್ರತಿ ಜೋಡಿಯ ಲೆಕ್ಕವೂ ಬೇರೆ. ಆದ್ದರಿಂದ ಹಂಚುವುದು ಸುಲಭ.

ಜೋಡಿಸುವಾಗ ಎಚ್ಚರ

ಈ ಕೆಲಸವನ್ನು ತಿಳಿದ ಹಿರಿಯರೇ ಮಾಡಬೇಕು. ಮೊದಲು ಗಣಕವನ್ನು ಆರಿಸಿ, ಪ್ಲಗ್ಗನ್ನೂ ಕೀಳಬೇಕು. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್ಪನ್ನು ಕೆಡಿಸಬಲ್ಲದು; ಆದ್ದರಿಂದ ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ನಂತರ ಕಾರ್ಡನ್ನು ಹಿಡಿಯಬೇಕು. ಮದರ್‌ಬೋರ್ಡಿನಲ್ಲಿ ಎರಡು ಉದ್ದನೆಯ ಸ್ಲಾಟ್‌ಗಳು ಇರಬೇಕು. ಕಾರ್ಡನ್ನು ಸ್ಲಾಟಿನಲ್ಲಿ ನೇರವಾಗಿ ಒತ್ತಿ, ಸ್ಕ್ರೂ ಬಿಗಿದು, ವಿದ್ಯುತ್ ತಂತಿ ಸೇರಿಸುತ್ತಾರೆ.

ಒಂದು ಕಾರ್ಡಿಗೆ 200 ವ್ಯಾಟ್ ಬೇಕಾದರೆ ಎರಡಕ್ಕೆ 400 ವ್ಯಾಟ್. ಅಂದರೆ 40 ವ್ಯಾಟಿನ ಹತ್ತು ಟ್ಯೂಬ್‌ಲೈಟ್ ಉರಿಸುವಷ್ಟು! ಗಣಕದ ವಿದ್ಯುತ್ ಪೆಟ್ಟಿಗೆಗೆ ಅಷ್ಟು ಶಕ್ತಿ ಇಲ್ಲದಿದ್ದರೆ ಗಣಕ ಥಟ್ಟನೆ ನಿಂತುಬಿಡುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುವುದರಿಂದ ಕಾರ್ಡುಗಳ ನಡುವೆ ಗಾಳಿಯಾಡಲು ಜಾಗ ಬಿಡಬೇಕು.

ನೀವೇ ಮಾಡಿ ನೋಡಿ

20 ಕೂಡುವ ಲೆಕ್ಕಗಳನ್ನು ಒಬ್ಬರೇ ಮಾಡಿ. ಬಳಿಕ ಅಂತಹುದೇ 20 ಲೆಕ್ಕಗಳನ್ನು ನಾಲ್ವರು ಹಂಚಿಕೊಂಡು ಮಾಡಿ. ಎಷ್ಟು ಸಮಯ ಉಳಿಯಿತು? ಈಗ ಒಂದು ಲೆಕ್ಕದ ಉತ್ತರಕ್ಕೆ ಮುಂದಿನ ಸಂಖ್ಯೆ ಕೂಡುತ್ತಾ ಹೋಗುವ 20 ಲೆಕ್ಕಗಳನ್ನು ನಾಲ್ವರೂ ಹಂಚಿಕೊಳ್ಳಿ. ಈ ಸಲ ಸಮಯ ಏಕೆ ಉಳಿಯಲಿಲ್ಲ? ಯೋಚಿಸಿ.